ಕಲ್ಲುಗುಡ್ಡೆಯ ಲಕ್ಕಿ ಟೊಂಗೆ

ನನ್ನ ಮಂಡಿನೋವಿಗೆಂದು ಸೊಸೆ ಲಕ್ಕಿ ಸೊಪ್ಪು ಕುದಿಸಿದಾಗಲೆಲ್ಲ ಆ ಗುಡ್ಡದ ದಾರಿ ಮೂಗಿಗೇ ಬಂದು ನಿಲ್ಲುತ್ತದೆ.

ಆಗ ಮಹಾರಾಜರ ಕಾಲ. ಅವ್ವ ತೀರಿಕೊಂಡು ತಿಂಗಳಾಗಿತ್ತು. ಪುಷ್ಯಮಾಸದ ಒಂದು ಮಧ್ಯಾಹ್ನ ಅಪ್ಪ ನನ್ನನ್ನು ಕರೆದುಕೊಂಡು ಅಂತರಸಂತೆ ಕಡೆಯಿಂದ ಗುಡ್ಡ ಹತ್ತಿದ. ಆಚೆ ಮಗ್ಗುಲಿಗೆ ಅಪ್ಪನ ಅಕ್ಕ, ನನ್ನ ಅತ್ತೆಯ ಊರು. "ಬಿರ್ರನೆ ನಡಿ ಮಗಾ, ಒತ್ತು ಮುಳುಗೋಯ್ತದೆ," ಎಂದ. ನನ್ನ ಬಟ್ಟೆಯ ಗಂಟು ಅವನ ಹೆಗಲಲ್ಲಿತ್ತು. ಒಣಹುಲ್ಲು ಕಾಲು ಗೀರುತ್ತಿತ್ತು.

ಗುಡ್ಡದ ನೆತ್ತಿಯಲ್ಲೊಂದು ಕಲ್ಲುಗುಡ್ಡೆ. ಅದೇ ದಾರಿಯಲ್ಲಿ ಹಿಂತಿರುಗುವವರು ಅದರ ಸಂದಿಗೆ ಹಸಿ ಟೊಂಗೆ ಸಿಕ್ಕಿಸಿ ಹೋಗಬೇಕು, ಮರಳಿ ಬಂದಾಗ ತೆಗೆದು ಬಿಸಾಡಬೇಕು. ಅಲ್ಲಿಯವರೆಗೆ ಗುಡ್ಡ ಅವರನ್ನು ಕಾಯುತ್ತಲೇ ಇರುತ್ತದಂತೆ. ಅಪ್ಪ ಹಳ್ಳದಲ್ಲಿ ಮುರಿದು ತಂದಿದ್ದ ಲಕ್ಕಿ ಟೊಂಗೆ ಸಿಕ್ಕಿಸಿದ. ತಂದಿದ್ದದ್ದೇ ಒಂದು.

"ನಂದು?" ಎಂದೆ.

"ನಿಂಗ್ಯಾಕವ್ವ, ಬುಡು," ಎಂದು ಅವನು ಬೇರೆ ಕಡೆ ನೋಡಿದ.

ನನಗೆ ಸಿಟ್ಟು ಬಂತು. ಅವನ ಟೊಂಗೆಯಿಂದಲೇ ಒಂದು ಕವಲು ಮುರಿದು ಪಕ್ಕದಲ್ಲಿ ತುರುಕಿದೆ. ಅಂಗೈಯೆಲ್ಲ ಲಕ್ಕಿಯ ಘಾಟು.

ಗುಡ್ಡ ಇಳಿದು ಮನೆ ಸೇರಿದಾಗ ಅತ್ತೆ ರಾಗಿರೊಟ್ಟಿ ಕೊಟ್ಟು ತಲೆ ಸವರಿದಳು. ಅಪ್ಪ ಎಲ್ಲಿ ಎಂದು ನಾನು ಕೇಳುವ ಹೊತ್ತಿಗೆ ಅವನು ಅರ್ಧ ಗುಡ್ಡ ಏರಿಬಿಟ್ಟಿದ್ದ. "ಬತ್ತಾನೆ ಕಣವ್ವ, ನೀನು ತಿನ್ನು," ಎಂದಳು ಅತ್ತೆ.

ಜಗಲಿಯಿಂದ ನೋಡಿದೆ. ನೆತ್ತಿಯಲ್ಲಿ ಅವನು ಒಮ್ಮೆ ಬಗ್ಗಿ, ಏನನ್ನೋ ಎತ್ತಿ ಬಿಸಾಡಿದ. ಮತ್ತೆ ಬಗ್ಗಲಿಲ್ಲ, ಬೆಳಕು ಹೋಗುವವರೆಗೂ ಅಲ್ಲೇ ನಿಂತಿದ್ದ.

ನನ್ನ ಟೊಂಗೆ ಇನ್ನೂ ಅಲ್ಲೇ ಇದೆಯಲ್ಲ ಎಂದು ನೆಮ್ಮದಿಯಿಂದ ನಾನು ರೊಟ್ಟಿ ಮುರಿದೆ.