ಮೊದಲು ಮುಟ್ಟಿದ ಕೈ

ವಿಜಯಲಕ್ಷ್ಮಿ ಕೋಡಿನ ಆ ಒಂದು ಸಾಲನ್ನು ತೆಗೆದು ಪ್ರೋಗ್ರಾಂ ಮತ್ತೆ ಓಡಿಸಿದಳು. ನಿಮಿಷ ಹಿಡಿಯುತ್ತಿದ್ದ ಕೆಲಸ ಅರೆನಿಮಿಷಕ್ಕೇ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಟೀಮ್ ಲೀಡ್ ಕೆಂಪರಾಜುವಿನ ಕಿವಿ ಬಿಸಿಯಾಯಿತು. ಆ ಸಾಲು ಅವನೇ ಬರೆದದ್ದು.

ಆ ಸರ್ವರಿಗೆ ಎರಡು ಪ್ರೊಸೆಸರ್. ಒಂದೊಂದರ ಮಗ್ಗುಲಲ್ಲೂ ಅದರದೇ ಮೆಮೊರಿ. ಯಾವ ಪ್ರೊಸೆಸರ್ ಮೊದಲು ಮುಟ್ಟುತ್ತದೋ ಅದರ ಮಗ್ಗುಲಲ್ಲೇ ಜಾಗ ಕೊಡುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಪದ್ಧತಿ. ಎಲ್ಲ ಮಡಿಯಾಗಿರಲಿ ಎಂದು ಕೆಂಪರಾಜು ಆ ಸಾಲಿನಲ್ಲಿ ಶುರುವಿಗೇ, ಒಂದೇ ಪ್ರೊಸೆಸರಿನಿಂದ, ಇಡೀ ಜಾಗಕ್ಕೆ ಸೊನ್ನೆ ತುಂಬಿಸಿದ್ದ. ಎಲ್ಲವೂ ಅದರ ಮಗ್ಗುಲಲ್ಲೇ ಉಳಿದು, ಇನ್ನೊಂದು ಪ್ರೊಸೆಸರ್ ಪ್ರತಿ ತುಣುಕಿಗೂ ಆಚೆಮನೆಗೆ ಅಲೆಯುತ್ತಿತ್ತು. ಇದು ಹೊಳೆಯದೆ ಅವನು, "ಏನ್ ಮೇಡಂ, ನಿಮ್ ಕೋಡು ಬನ್ನೇರುಘಟ್ಟ ರೋಡ್ ಟ್ರಾಫಿಕ್ ಥರ ತೆವಳ್ತಿದೆ" ಎಂದು ವಾರವೆಲ್ಲ ಅವಳನ್ನು ಎಲ್ಲರೆದುರು ಹಂಗಿಸಿದ್ದ.

ಮ್ಯಾನೇಜರ್ ಚೈತ್ರ ಬಾಗಿಲು ತಳ್ಳಿಕೊಂಡು ಬಂದರು. "ಸಿಕ್ತಾ? ಯಾರ್ ತಪ್ಪು?"

ಪರದೆಯ ಮೇಲೆ, ತೆಗೆದ ಸಾಲಿನ ಪಕ್ಕ, ಅದನ್ನು ಬರೆದ ಕೆಂಪರಾಜುವಿನ ಹೆಸರು ಇನ್ನೂ ಇತ್ತು. ವಿಜಯಲಕ್ಷ್ಮಿ ಮೆಲ್ಲಗೆ ಪರದೆಯನ್ನು ಸರಿಸಿ ಅದನ್ನು ಮರೆಮಾಡಿದಳು. "ಸಿಕ್ತ್ರೀ ಮೇಡಂ. ಸರ್ರೂ ನಾನೂ ಕೂಡೇ ಹುಡುಕಿದ್ವಿ."

"ಸಖತ್!" ಎನ್ನುತ್ತ ಚೈತ್ರ ಅವನ ಕಡೆ ತಿರುಗಿದರು. "ಮತ್ತೆ ಇವ್ರನ್ನ ಕಾಯಂ ಮಾಡೋದು ಬೇಡ ಅಂತ ಬೆಳಿಗ್ಗೆ ತಾನೇ ಅಂದ್ರಲ್ಲ ಕೆಂಪರಾಜು?"

ಮೌಸಿನ ಮೇಲಿದ್ದ ವಿಜಯಲಕ್ಷ್ಮಿಯ ಕೈ ಹಾಗೇ ನಿಂತಿತು. ಅವಳು ತಿರುಗಿ ನೋಡಲಿಲ್ಲ.

"ತಪ್ಪು ನಂದು ಮೇಡಂ. ಇವ್ರು ನನ್ ಹೆಸ್ರು ಮುಚ್ಚಿಟ್ರು," ಎಂದ ಕೆಂಪರಾಜು. ಅಷ್ಟು ಹೇಳುವಾಗಲೂ ಅವನಿಗೆ ನೋಡಲು ಸಾಧ್ಯವಾದದ್ದು ಆ ಕೈಯನ್ನು ಮಾತ್ರ.