ಬೈಸಿಕೊಳ್ಳುವ ಭಾಗ್ಯ

“ಇದು ಮೊಣಕೈಯೇನೇ? ಒಲೆಗೆ ಹಾಕೋ ಕಟ್ಟಿಗೆ! ಕೆರೆದು ಬಿಸಾಕು, ಮೊದಲಿಂದ ಶುರು ಮಾಡು!” ಬೊನಿವಾರ್ ಮೇಷ್ಟ್ರ ಆರ್ಭಟಕ್ಕೆ ಪ್ಯಾರಿಸ್ಸಿನ ಆ ಹೆಂಗಸರ ಚಿತ್ರಶಾಲೆಯ ಗಾಜಿನ ಸೂರೇ ಅದುರಿತು.

ಬೈಸಿಕೊಂಡವಳು ಅಮೆರಿಕದಿಂದ ಕಲಿಯಲು ಬಂದಿದ್ದ ಲವೀನಿಯಾ. ಬಿಕ್ಕುತ್ತಲೇ ಚಾಕು ಹಿಡಿದು ಹಸಿ ಬಣ್ಣ ಕೆರೆಯತೊಡಗಿದಳು. ಪಕ್ಕದಲ್ಲಿದ್ದ ಒಡೀಲ್‌ಗೆ ಅಯ್ಯೋ ಪಾಪ ಎನಿಸಬೇಕಿತ್ತು, ಹೊಟ್ಟೆ ಉರಿಯಿತು. ಮೇಷ್ಟ್ರು ಬೈಯುತ್ತಿದ್ದುದು ಕೈಯಲ್ಲಿ ಕಸುವು ಕಂಡವರನ್ನು ಮಾತ್ರ. ಮಿಕ್ಕವರಿಗೆ “ಚೆನ್ನಾಗಿದೆಯಮ್ಮಾ” ಎಂದು ಮುಂದೆ ಹೋಗುತ್ತಿದ್ದರು. ಚಳಿಗಾಲವಿಡೀ ಒಡೀಲ್‌ಗೆ ದಕ್ಕಿದ್ದು ಆ ಹಾಳು “ಚೆನ್ನಾಗಿದೆ” ಒಂದೇ.

ತನ್ನ ಚಿತ್ರಕ್ಕೆ ಏನು ಕಡಿಮೆಯಾಗಿದೆ? ಕುಂಚ ಆಡಿದ ಗುರುತೇ ಇಲ್ಲ, ಬೆಣ್ಣೆ ಸವರಿದಷ್ಟು ನುಣುಪು. ಆ ಲವೀನಿಯಾ ಬಣ್ಣ ಹಚ್ಚುವುದೋ, ಗಾರೆಯವನು ಗೋಡೆಗೆ ಎರಚಿದ ಹಾಗೆ! ಈಸ್ಟರ್ ಹಬ್ಬದೊಳಗೆ ಮೇಷ್ಟ್ರು ‘ಈಕೆ ಕಲಾವಿದೆಯಾಗುತ್ತಾಳೆ’ ಅನ್ನದಿದ್ದರೆ ಒರ್ಲೆಯಾಂ ಊರಿಗೆ ವಾಪಸು, ವಿನೆಗರ್ ವ್ಯಾಪಾರಿಯ ಮಗನೊಂದಿಗೆ ಮದುವೆ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಒಂದೇ ಒಂದು ಸಲ ಬೈಸಿಕೊಂಡರೂ ಸಾಕಿತ್ತು, ಆಸೆ ಉಳಿಯುತ್ತಿತ್ತು.

ಮುಂದಿನ ವಾರ ಅವಳು ನಾಚಿಕೆ ಬಿಟ್ಟಳು. ಎದುರಿಗೆ ಅಲುಗಾಡದೆ ಕೂತ ಮುದುಕನ ಬಲಗೈ ಬರೆಯುವಾಗ ಹೆಬ್ಬೆರಳನ್ನು ಬೇಕೆಂದೇ ಕಿರುಬೆರಳಿನ ಪಕ್ಕಕ್ಕೆ ಅಂಟಿಸಿದಳು. ‘ಈಗ ಬೈಯದೆ ಎಲ್ಲಿಗೆ ಹೋಗ್ತೀರಿ, ನೋಡ್ತೀನಿ’ ಎಂದುಕೊಂಡಳು.

ಶುಕ್ರವಾರ ಮೇಷ್ಟ್ರು ಬಂದು ಬೆನ್ನ ಹಿಂದೆ ನಿಂತರು. ಆ ಕೈ ಚೆನ್ನಾಗಿ ಕಾಣಲೆಂದು ಒಡೀಲ್ ತಲೆ ಬಗ್ಗಿಸಿದಳು.

“ಚೆನ್ನಾಗಿದೆಯಮ್ಮಾ.”

“ಮೇಷ್ಟ್ರೇ, ಆ ಕೈ... ಒಂಚೂರು ನೋಡಿ.”

“ನೋಡಿದ್ನಲ್ಲಮ್ಮಾ. ಎಷ್ಟು ನುಣುಪಾಗಿದೆ! ಮನೇಲಿ ತೂಗುಹಾಕಿ. ನಿಮ್ಮ ತಂದೆಯವ್ರಿಗೆ ಖುಷಿಯಾಗತ್ತೆ.”

ಅಷ್ಟು ಹೇಳಿ ಅವರು ಪಕ್ಕಕ್ಕೆ ಸರಿದರು. ಮರುಗಳಿಗೆಯೇ ಲವೀನಿಯಾಳ ಮೇಲೆ ಸಿಡಿಲು ಬಡಿಯಿತು. “ಮತ್ತೆ ಅದೇ ಕಟ್ಟಿಗೆ ತಂದಿಟ್ಟಿದ್ದೀಯಲ್ಲೇ! ಕಣ್ಣು ಎಲ್ಲಿ ಮಾರ್ಕೊಂಡು ಬಂದೆ?” ಬೈದು ಬೈದು ಸುಸ್ತಾಗಿ, ಅವಳ ಕೈಯಿಂದ ಕುಂಚ ಕಿತ್ತುಕೊಂಡು ತಾವೇ ನಾಲ್ಕು ಗೆರೆ ಎಳೆದು ಹೋದರು.

ಲವೀನಿಯಾ ಮೂಗು ಒರೆಸಿಕೊಳ್ಳುತ್ತ ಈ ಕಡೆ ಇಣುಕಿದಳು. ಅವಳ ಕಣ್ಣು ಒಡೀಲ್ ಬರೆದಿದ್ದ ಮುದುಕನ ಕೈಯ ಮೇಲೆ ನೆಟ್ಟಿತು.

“ಅಯ್ಯಯ್ಯೋ, ಆ ಹೆಬ್ಬೆರಳು! ಅದಕ್ಕೂ ಬೈಲಿಲ್ವಾ ಅವ್ರು?”

“ಇಲ್ಲ.”

“ಪುಣ್ಯ ಮಾಡಿದ್ದೀಯ ಕಣೇ,” ಲವೀನಿಯಾ ನಿಟ್ಟುಸಿರುಬಿಟ್ಟಳು. “ನಿನ್ನನ್ನ ಕಂಡ್ರೆ ನಂಗೆಷ್ಟು ಹೊಟ್ಟೆಕಿಚ್ಚು ಗೊತ್ತಾ?”