ಮೊದಲ ಪ್ರಧಾನಿ ಆಗದವರು

ಪ್ರಧಾನಮಂತ್ರಿಯ ಕಾರು ಲಂಡನ್ನಿನ ಅಂಚಿನ ಹೇಸ್‌ನ ಆ ಇಕ್ಕಟ್ಟಾದ ಬೀದಿಯೊಳಗೆ ಬರಲಾರದೆ ತಿರುವಿನಲ್ಲೇ ನಿಂತಿತು. ಅವರು ಕಾರ್ಯದರ್ಶಿಯನ್ನು ಅಲ್ಲೇ ಬಿಟ್ಟು, ಮನೆಗಳ ನಂಬರು ಓದಿಕೊಳ್ಳುತ್ತ ಒಬ್ಬರೇ ನಡೆದು ಬಂದರು. ಕಿಟಕಿಯಲ್ಲಿ ಕಾಯುತ್ತಿದ್ದ ಚಂದ್ರವ್ವನಿಗೆ ನಡಿಗೆಯಿಂದಲೇ ಗುರುತು ಸಿಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ತಲೆ ಪೂರ್ತಿ ನರೆತಿತ್ತು, ಹೊಟ್ಟೆ ಬಂದಿತ್ತು. ದೋಣಿಯಲ್ಲಿ ನಿಂತವರ ಹಾಗೆ ಕಾಲಗಲಿಸಿ ಇಡುವ ಹೆಜ್ಜೆ ಮಾತ್ರ ಅದೇ.

"ಬರ್ರಿ ಇಯೋನಣ್ಣ, ಒಳಗ ಬರ್ರಿ," ಎಂದು ಬಾಗಿಲನ್ನು ಪೂರ್ತಿ ತೆರೆದಳು.

ಪೆಸಿಫಿಕ್ ಸಾಗರದ ಆ ಪುಟ್ಟ ದೇಶದಲ್ಲಿ ಅವಳ ಗಂಡ ಮುರಿಗೆಪ್ಪ ಮಾಸ್ತರರು ಮೂರು ವರ್ಷ ಗಣಿತ ಕಲಿಸಿದ್ದರು. ಈಗ ಅವರಿಲ್ಲ. ಆಗ ಪಕ್ಕದ ಮನೆಯಲ್ಲಿದ್ದ ಇಯೋನೆ ಹೋದ ತಿಂಗಳು ಪ್ರಧಾನಿಯಾಗಿ, ಸಮ್ಮೇಳನಕ್ಕೆಂದು ಲಂಡನ್ನಿಗೆ ಬಂದವರು, ಹೋಟೆಲಿನಿಂದ ತಾವೇ ಫೋನು ಮಾಡಿದ್ದರು.

ಅಡುಗೆಮನೆಯ ಸಣ್ಣ ಮೇಜಿಗೆ ಕೂತು ಅವರು ಎರಡು ಹೋಳಿಗೆ ತಿಂದರು. ಅಷ್ಟರವರೆಗೆ ತಡೆದುಕೊಂಡಿದ್ದ ಚಂದ್ರವ್ವ ಮಗಳನ್ನು ಹತ್ತಿರ ಕರೆದಳು. "ನೇತ್ರಾ, ನಾ ಹೇಳೂದನ್ನ ಒಂದ ಮಾತೂ ಬಿಡದಂಗ ಇವರಿಗೆ ಇಂಗ್ಲಿಷಿನ್ಯಾಗ ಹೇಳು."

"ಓಕೆ ಅಮ್ಮಾ, ರಿಲ್ಯಾಕ್ಸ್."

"ಇವರ ದೇಶಕ್ಕ ಸ್ವತಂತ್ರ ಸಿಕ್ಕು ಆವತ್ತಿಗೆ ಮೂರು ದಿನಾ ಆಗಿತ್ತು. ಹದಿಮೂರು ಮಂದಿ ಮೆಂಬರು ರಾಜಧಾನಿಯೊಳಗ ಕೂಡಿ ಮೊದಲನೇ ಪ್ರಧಾನಿನ್ನ ಆರಿಸೋರಿದ್ರು. ಒಂಬತ್ತು ಮಂದಿ ಇವರಿಗೇ ಮಾತು ಕೊಟ್ಟಿದ್ರು. ನಮ್ಮ ದ್ವೀಪದಾಗ ಇದ್ದದ್ದು ಒಂದ ಮೋಟಾರು ದೋಣಿ. ಇವರು ಮುಂಜಾನೆ ಅದನ್ನ ಹತ್ತೂದಕ್ಕೂ ನಂಗ ಬ್ಯಾನಿ ಸುರು ಆಗೂದಕ್ಕೂ ಸರಿ ಹೋತು. ಕೂಸು ಅಡ್ಡ ತಿರುಗಿತ್ತು. ರಾಜಧಾನಿ ಇದ್ದದ್ದು ಉತ್ತರಕ್ಕ, ಹೆರಿಗಿ ದವಾಖಾನಿ ದಕ್ಷಿಣಕ್ಕ."

ಇಂಗ್ಲಿಷಿಗೆ ತಿರುಗಿಸುತ್ತಿದ್ದ ನೇತ್ರಾ ತಟ್ಟನೆ ಮಾತು ನಿಲ್ಲಿಸಿದಳು. "ಅಮ್ಮಾ... ದಟ್ ವಾಸ್ ಮಿ?"

"ನೀನಽ. ಮುಂದ ಹೇಳು."

ಆವತ್ತು ಇಯೋನೆ ಗಂಡ ಹೆಂಡತಿಯನ್ನು ಹತ್ತಿಸಿಕೊಂಡು ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದ್ದರು. ಆರು ತಾಸಿನ ದಾರಿ. ತಾಯಿ, ಮಗು ಇಬ್ಬರೂ ಉಳಿದರು. ಸಭೆಯಲ್ಲಿ ಹಾಜರಿಲ್ಲದವರ ಹೆಸರು ಸೂಚಿಸುವಂತಿಲ್ಲವೆಂಬ ನಿಯಮದಿಂದ ಇನ್ನೊಬ್ಬರು ಅವಿರೋಧವಾಗಿ ಆಯ್ಕೆಯಾದ ಸುದ್ದಿ ಆಸ್ಪತ್ರೆಯ ರೇಡಿಯೊದಲ್ಲಿ ಬಂತು. ತಿಂಗಳೊಪ್ಪತ್ತಿನಲ್ಲಿ ಮಾಸ್ತರರ ಅವಧಿ ಮುಗಿದು, ಗಂಡ ಹೆಂಡತಿ ಕೂಸಿನೊಂದಿಗೆ ಆಸ್ಪತ್ರೆಯ ಊರಿನಿಂದಲೇ ವಿಮಾನ ಹತ್ತಿದ್ದರು. ಇಯೋನೆಯ ಮುಖ ನೋಡಿ ಹೊರಡಲೂ ಆಗಿರಲಿಲ್ಲ.

"ನನ್ನ ಸಲುವಾಗಿ ನಿಮ್ಮ ಪ್ರಧಾನಿಗಿರಿ ಇಪ್ಪತ್ತೆರಡು ವರ್ಷ ತಡಾ ಆತು," ಚಂದ್ರವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಿಮ್ಮ ಮಂದಿ ನನ್ನ ಎಷ್ಟು ಬೈದಿರಬೇಕು! ತಪ್ಪಾತ್ರಿ ಅಣ್ಣಾ."

ಇಯೋನೆ ತಟ್ಟೆಯನ್ನು ಸರಿಸಿಟ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೇತ್ರಾ ಕನ್ನಡಕ್ಕೆ ತಿರುಗಿಸಿದಳು. "ನಿಮ್ಮನ್ನು ಯಾರೂ ಬೈದಿಲ್ಲ ತಂಗಿ. ಯಾರಿಗೂ ಗೊತ್ತೇ ಇಲ್ಲ."

"ಅಂದ್ರ?"

"ನಸುಕಿನಲ್ಲಿ ನೀವು ದೋಣಿ ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ಸಮುದ್ರದಲ್ಲಿ ದಾರಿ ತಪ್ಪಿತು ಎಂದು ಹೇಳಿದೆ. ದವಾಖಾನೆಯಲ್ಲಿದ್ದ ನರ್ಸು ನನ್ನ ಸ್ವಂತ ಅಕ್ಕ. ಬಾಯಿ ಬಿಡುವುದಿಲ್ಲ ಎಂದು ಅವಳಿಂದ ಆಣೆ ಹಾಕಿಸಿಕೊಂಡೆ."

ನೇತ್ರಾ ಅದನ್ನು ಕನ್ನಡದಲ್ಲಿ ಹೇಳಿದಾಗ ಚಂದ್ರವ್ವ ನಂಬಲಿಲ್ಲ, ಇನ್ನೊಮ್ಮೆ ಕೇಳಿಸಿಕೊಂಡಳು. ತೊಟ್ಟಿಲಿಳಿದ ಕೂಸುಗಳೂ ದೋಣಿಯ ಹುಟ್ಟು ಹಿಡಿಯುವ ಊರು ಅದು. ಅಲ್ಲಿ ಗಂಡಸೊಬ್ಬ ದಾರಿ ತಪ್ಪಿದೆ ಎಂದರೆ ಅದಕ್ಕಿಂತ ನಗೆಪಾಟಲು ಬೇರೆ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು.

"ಐದು ಸಲ ಪ್ರಧಾನಿ ಹುದ್ದೆಗೆ ನಿಂತೆ," ಎಂದರು ಇಯೋನೆ. "ದೋಣಿಯನ್ನೇ ರಾಜಧಾನಿಗೆ ಮುಟ್ಟಿಸಲಾರದವನು ದೇಶವನ್ನು ಎಲ್ಲಿಗೆ ಮುಟ್ಟಿಸುತ್ತಾನೆ ಎಂದು ಐದು ಸಲವೂ ಕೇಳಿದರು. ಆರನೇ ಸಲ ಹಾಗೆ ಕೇಳುತ್ತಿದ್ದವರು ಮುದುಕರಾಗಿದ್ದರು, ಪಾಪ."

ಅವರು ನಕ್ಕರೂ ನೇತ್ರಾ ನಗಲಿಲ್ಲ. "ಯಾಕೆ? ನಿಜ ಹೇಳಿದ್ದರೆ ಎಲ್ಲರೂ ನಿಮ್ಮನ್ನು ಹೊಗಳುತ್ತಿದ್ದರಲ್ಲ?"

"ನನ್ನನ್ನು ಹೊಗಳಿ, ಗೆದ್ದವನನ್ನು ಕಳ್ಳ ಎನ್ನುತ್ತಿದ್ದರು ಮಗಳೇ. ಅದು ಹುಟ್ಟಿ ಮೂರು ದಿನವಾಗಿದ್ದ ದೇಶ. ಮೊಟ್ಟಮೊದಲ ಪ್ರಧಾನಿಯನ್ನೇ ಜನ ನಂಬದಿದ್ದರೆ ಆಮೇಲೆ ಬಂದವರನ್ನು ಯಾರು ನಂಬುತ್ತಾರೆ? ಅವನು ಕೆಟ್ಟವನಲ್ಲ, ಚೆನ್ನಾಗಿಯೇ ಆಳಿದ. ಮೂವತ್ತರ ವಯಸ್ಸಿನಲ್ಲಿ ನಾನು ಅಷ್ಟು ಚೆನ್ನಾಗಿ ಆಳುತ್ತಿರಲಿಲ್ಲ." ನೇತ್ರಾಳ ಮುಖವನ್ನೇ ನೋಡುತ್ತ ಹೇಳಿದರು: "ಇವತ್ತು ಮಾತ್ರ ಒಂದು ಆಸೆಯಿತ್ತು. ಆ ಕೂಸು ಹೇಗಿದೆ ಎಂದು ನೋಡಬೇಕಿತ್ತು."

ಮಗಳು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ಚಂದ್ರವ್ವ ಎದ್ದು ಒಲೆಯ ಕಡೆ ತಿರುಗಿದಳು. ಮೂರನೇ ಹೋಳಿಗೆ ತಂದು ತಟ್ಟೆಗೆ ಹಾಕಿ, ತುಪ್ಪ ಸುರಿದಳು. ಅವರು ಸಾಕೆಂದು ಕೈ ಅಡ್ಡ ಹಿಡಿದರೂ ಸುರಿಯುತ್ತಲೇ ಇದ್ದಳು.

ಕಾರ್ಯದರ್ಶಿ ಬಾಗಿಲು ತಟ್ಟಿದ. ಸಮ್ಮೇಳನಕ್ಕೆ ಹೊತ್ತಾಗಿತ್ತು. ಇಯೋನೆ ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕೂತು ಬೂಟಿನೊಳಗೆ ಕಾಲು ತೂರಿಸಿದರು. ಲೇಸು ಕಟ್ಟಲು ಬಾಗಿದರೆ ಹೊಟ್ಟೆ ಅಡ್ಡ ಬರುತ್ತಿತ್ತು. ನೇತ್ರಾ ಅವರ ಮುಂದೆ ಮೊಣಕಾಲೂರಿದಳು. ಅಮ್ಮ ಎಷ್ಟು ಹೇಳಿದರೂ ಹಬ್ಬಹುಣ್ಣಿಮೆಗೆ ಸಹ ಯಾರ ಕಾಲಿಗೂ ಬಾಗಿದ ಹುಡುಗಿಯಲ್ಲ ಅವಳು. ಒಂದು ಲೇಸು ಕಟ್ಟಿದಳು, ಇನ್ನೊಂದನ್ನೂ ಕಟ್ಟಿದಳು. ಕಟ್ಟಿ ಮುಗಿದ ಮೇಲೂ ಅವಳ ಎರಡು ಕೈಗಳು ಬಹಳ ಹೊತ್ತು ಆ ಬೂಟುಗಳ ಮೇಲೆಯೇ ಇದ್ದವು.